ಅಂಚು ಕತ್ತರಿಸಬ್ಯಾಡ್ರಿ

ಸುಭಾಸ ರಸ್ತೆಯ ಹಿಂದಿನ ಸಂದಿಯೊಳಗ
ನಮ್ಮಪ್ಪ ಇಮಾಮಸಾಬನ ಜಿಲ್ದಿನ ಅಂಗಡಿ.
ಮೈದಾ ಅಂಟು ಕುದಿಸೂದು ನನ್ನ ಕೆಲಸ,
ಚಿಟಿಕಿ ಮೈಲುತುತ್ತ ಹಾಕಿ, ಹುಳ ಹತ್ತಬಾರದಂತ.
ನನಗ ಓದಾಕ ಬರೂದು ಕನ್ನಡ, ಅದೂ ತಡವರಿಸಿಕೋತ.
ಹೊಲಿಯಾಕ ಮಾತ್ರ ಯಾವ ಭಾಷಾನೂ ಬರತೈತಿ.

ಅದೊಂದು ಶ್ರಾವಣ ಜರ್ಮನ್ ಸಾಹೇಬ್ರು ಬಂದ್ರು,
ಓಟ್ಮಾರ್ ಕ್ರೆಲ್. ಯುನಿವರ್ಸಿಟಿಯಾಗ ತಮ್ಮ ಭಾಷಾ ಕಲಿಸವ್ರು,
ಕನ್ನಡ ಕಲ್ತದ್ದು ಸಪ್ತಾಪುರದ ಹಾಲಿನಾಕಿ ಕಡಿಂದ.
ಓಣಿ ಹುಡುಗರ ಬಾಯಾಗ ಅಟ್ಟಮಾರಪ್ಪ.
ಸೈಕಲ್ಲಿನ ಕ್ಯಾರಿಯರಿಗೆ ಗೋಣಿತಟ್ಟಿನಾಗ ಸುತ್ತಿ
ಒಂದು ದಪ್ಪ ಪುಸ್ತಕ, ಒಂದು ಬೂಟಿನ ಡಬ್ಬಿ.

‘ಇದು ನಾ ಬರೆದದ್ದು’ ಅಂದ್ರು,
‘ನಮ್ಮ ಸೀಮಿಯ ಸಾಹಿತ್ಯದ ಚರಿತ್ರಿ.
ನಾಕುನೂರು ವರ್ಷದ್ದು. ಎರಡನೇ ಮುದ್ರಣ.’
ಅಪ್ಪ ಬೆನ್ನು ಸವರಿ ನೋಡಿದ, ಪುಸ್ತಕದ್ದು:
ಹೊಲಿಗಿ ಗಟ್ಟಿ, ರಟ್ಟು ಗಟ್ಟಿ.
‘ಇದನ್ನ ಬಿಚ್ಚೂದು ಯಾಕ್ರಿ?’

ಡಬ್ಬಿ ತೆಗೆದ್ರು. ಒಳಗ ನಲವತ್ತೊಂದು ಹಾಳಿ,
ತಲಿಮ್ಯಾಲ ಒಂದೊಂದು ಹೆಸರು,
ಇಂಥಾ ಪುಟದ ಮುಂದ ಅಂತ ಮೂಲಿಯಾಗ ನಂಬರು.
ಮೊದಲನೇ ಮುದ್ರಣದಾಗ ಇವರೆಲ್ಲಾ ಇದ್ರಂತ,
ಕವಿಗಳು, ನಾಟಕದವ್ರು, ಬರೇ ಪತ್ರ ಬರೆದಾಕಿ ಒಬ್ಬಾಕಿ,
ನಮ್ಮಂಗ ಜಿಲ್ದು ಕಟ್ಟಿಕೋತ ಲಾವಣಿ ಬರೆದಾಂವ ಒಬ್ಬಾಂವ.
ಎರಡನೇದ್ದರಾಗ ಇಲ್ಲ.

‘ಸರಕಾರ ಬದಲಾತು’ ಅಂದ್ರು.
ಆಮ್ಯಾಲ ಬಹಳ ಹೊತ್ತಿನ ಮ್ಯಾಲ,
‘ಸರಕಾರ ಕೇಳಿದ್ದು ಹನ್ನೊಂದು.
ಉಳಿದ ಮೂವತ್ತು, ಕೇಳೂಕಿಂತ ಮೊದಲಽ ನಾನಽ ತೆಗೆದೆ.’

ಅಪ್ಪ ಚಹಾ ತರಸಿದ. ಮತ್ತೇನು ಮಾಡಾಂವ.

ಮೂರು ವಾರ ಹಿಡೀತು.
ಹಾಳಿ ಹಂಗಽ ತುರುಕಿದ್ರ ಬೆನ್ನು ಸೀಳತೈತಿ,
ಒಂದೊಂದಕ್ಕೂ ಬಟ್ಟಿಯ ಪಟ್ಟಿ ಹಚ್ಚಿ
ಹಳೇ ತೂತಿನಾಗಽ ಸೂಜಿ ಹಾಯಿಸಬೇಕು.
ಸಾಹೇಬ್ರು ದಿನಾ ಸಂಜಿಮುಂದ ಸ್ಟೂಲಿನ ಮ್ಯಾಲ ಕುಂತು
ಆ ದಿನದ ಹೆಸರು ಓದಿ ಹೇಳತಿದ್ರು.
ನಾ ಹಿಂದ ಹಿಂದ ಅಂತಿದ್ದೆ,
ನನ್ನ ಬಾಯಾಗ ಅವು ಧಾರವಾಡದವಾಗಿ ಹೊಂಟ್ವು.
‘ಮಿರ್ಯಮ್’ ಅಂದಾಗ ಅಪ್ಪ ದಾರ ಹಿಡಿದು ನಿಂತ:
‘ನಮ್ಮ ಖಾಲಾನ ಹೆಸರ್ರಿ ಅದು.’

ನಲವತ್ತೊಂದನೇದು ಖಾಲಿ ಹಾಳಿ.
‘ಇವನ ಹೆಸರು ನೆನಪಾಗವಲ್ದು’ ಅಂದ್ರು,
‘ಅಳಿಸಿದ್ದು ನೆನಪೈತಿ.’

ಕೊನೀ ದಿನ ಅಪ್ಪ ಕೈಮಷೀನಿನಾಗ ಪುಸ್ತಕ ಇಟ್ಟ.
ಹೊಸ ಹಾಳಿ ಬೆರಳಗಲ ಹೊರಗ ಚಾಚಿದ್ವು,
ಸಾಲಿಗೆ ತಡಾ ಮಾಡಿ ಬಂದು ಬಾಗಿಲದಾಗ ನಿಂತ ಹುಡುಗರಂಗ.
ಅಂಚು ನೆಟ್ಟಗಿರಬೇಕು, ಅದು ನಮ್ಮ ಕಸಬಿನ ಮರ್ಯಾದಿ.
ಸಾಹೇಬ್ರು ಬ್ಲೇಡಿನ ಕೆಳಗ ಕೈ ಇಟ್ರು.
ಇಟ್ಟಽ ಬಿಟ್ರು.
‘ಅಂಚು ಕತ್ತರಿಸಬ್ಯಾಡ್ರಿ.’

ಅಂಥಾ ಹೊಲಸು ಕೆಲಸ ನಮ್ಮ ಅಂಗಡಿಯಿಂದ
ಹೊರಗ ಹೋಗಿದ್ದಿಲ್ಲ ಅಂತ ಅಪ್ಪ ಸಾಯೂತನಕ ಬೈದ.
ಮಜೂರಿ ಮಾತ್ರ ತಗೊಳ್ಳಲಿಲ್ಲ.

ಹೋದ ತಿಂಗಳ ಲೈಬ್ರರಿಯಿಂದ ಒಂದು ಕಟ್ಟು ಬಂತು,
ಎಲ್ಲಾ ಹರಕು, ಎಲ್ಲಾ ಹೊಸದಾಗಿ ಕಟ್ಟಬೇಕು.
ಕಣ್ಣು ಮಂದ ಆಗ್ಯಾವು, ಬೆರಳಿಗೆ ಗೊತ್ತಾತು.
ಚಾಚಿದ ಅಂಚು ಕಂದಾಗಿ ಮೆತ್ತಗಾಗಿದ್ವು
ಬೆಕ್ಕಿನ ಕಿವಿಯಂಗ.
ಹಿಂದಿನ ಚೀಟಿಯಾಗ ಒಂದಽ ತಾರೀಖು,
ಒಯ್ದಾಂವ ಒಬ್ಬಽ.

ಆ ಖಾಲಿ ಹಾಳಿ ಖಾಲಿ ಇರಲಿಲ್ಲ. ಪೆನ್ಸಿಲಿನಾಗ,
ಚಹಾ ಎರಡು, ಗಿರಮಿಟ್ಟು ಒಂದು,
ಬಾಕಿ ಎಂಟಾಣೆ, ಕೆಂಚನಗೌಡ.

ಫಕ್ಕೀರೇಶ, ನನ್ನ ಕೈಕೆಳಗಿನ ಹುಡುಗ,
ಕರೆಂಟಿನ ಮಷೀನು ಬಂದ್ ಮಾಡಿ
ನಾ ಕೇಳದಿದ್ರೂ ರಬ್ಬರ್ ತಂದು ಕೊಟ್ಟ.
ಹಿಡಕೊಂಡು ಕುಂತೀನಿ.
ಅತ್ತ ಅಂಟು ಕುದ್ದದ್ದು ಆರಾಕ ಹತ್ತೇತಿ.