ಪಟ್ಟಿಯಲ್ಲಿಲ್ಲದ ಪದ

ಸೂಜಿ, ದಾರ, ಗುಂಡಿ, ಕತ್ತರಿ, ಕಸೂತಿ...
ಎರಡು ಸೆಕೆಂಡಿಗೊಂದರಂತೆ ಇಪ್ಪತ್ತು ಪದ,
ಏರಿಳಿತವಿಲ್ಲದ ದನಿಯಲ್ಲಿ.
ಧಾರಾವಿ, ಅಟ್ಟದ ಮೇಲಿನ ಕಾರ್ಖಾನೆ,
ಊಟದ ಬಿಡುವು.
ಹೆಸರು ಬರೆಯಬಾರದು, ನಿಯಮ;
ಶಾಣವ್ವ ಅಂದರೆ ಹದಿನೇಳು.

ನೂರರಿಂದ ಮೂರು ಮೂರು ಕಳೆಯುತ್ತ ಬಾ ಅಂದೆ.
"ಪಗಾರದಾಗ ಮುರಕೊಂಡಂಗ?" ನಕ್ಕಳು.
ಆಮೇಲೆ, ನೆನಪಾದಷ್ಟು ಹೇಳು ಅಂದೆ.
ಒಂಬತ್ತು ಸರಿ.
ಹತ್ತನೆಯದು: ಬೆರಳು.

ಬೆರಳು ನಾನು ಓದಿರಲಿಲ್ಲ.
"ಓದಿದಿ ತಂಗಿ, ಕೇಳಸ್ತು ನನಗ"
ಎನ್ನುತ್ತ ಎಡಗೈಯ ತೋರುಬೆರಳು ಎತ್ತಿದಳು.
ಉಗುರು ನಡುವೆ ಸೀಳಿ
ಎರಡಾಗಿ ಬೆಳೆದಿತ್ತು.
ನಮೂನೆಯಲ್ಲಿ ಅದಕ್ಕೂ ಒಂದು ಕಾಲಂ:
ತಪ್ಪು ನೆನಪು.
ಒಂದು, ಎಂದು ಬರೆದೆ.

ರಾತ್ರಿ ಮಾಟುಂಗದ ಕೋಣೆಯಲ್ಲಿ ಕೂಡಿಸಿ ಭಾಗಿಸಿದೆ.
ಸರಾಸರಿ ಹನ್ನೊಂದೂವರೆ.
ಇಪ್ಪತ್ನಾಲ್ಕು ಜನರಲ್ಲಿ ಒಬ್ಬರ ಬಾಯಲ್ಲೂ
ಅರ್ಧ ಪದ ಬಂದಿರಲಿಲ್ಲ.
ಪ್ರಮಾಣ ವಿಚಲನೆ ಮೂರು. ಮೇಡಂ ತಲೆದೂಗಿ
ಮಾದರಿ ಸಣ್ಣದಾಯಿತು ಅನ್ನಬಹುದು,
ಇನ್ನಾರು ಮಂದಿಯನ್ನು ಹುಡುಕು ಅನ್ನಬಹುದು.

ದೀಪ ಆರಿಸುವ ಮುನ್ನ
ಪಟ್ಟಿ ತೆಗೆದು ನೋಡಿದೆ. ನನ್ನದೇ ಅಕ್ಷರ.
ಸೂಜಿಯಿಂದ ಕೊನೆಯ ಸಾಲಿನವರೆಗೂ
ಬೆರಳಿಟ್ಟು ಎಣಿಸಿದೆ.