ಚಿಗರಿ ಬಸ್ಸಿನಲ್ಲಿ

ಸೀನಿಯರ್ ಅಕ್ಕ ಅರ್ಧ ರೇಟಿಗೆ ಕೊಟ್ಟ ಎಲುಬುಗಳನ್ನು
ಟವೆಲ್ಲಿನಲ್ಲಿ ಸುತ್ತಿಕೊಂಡು
ಜುಬಿಲಿ ಸರ್ಕಲ್ಲಿನಿಂದ ನಿಂತೇ ಹೊರಟೆ.

"ಕೊಡ ಇಲ್ಲೆ, ಎಷ್ಟೊತ್ತ ಹೊತಗೊಂಡ ನಿಂದರ್ತಿ,"
ಕೂತಿದ್ದ ಅಜ್ಜಿ ಚೀಲ ಜಗ್ಗಿಕೊಂಡಳು.
ತೊಡೆಯ ಮೇಲೆ ತೊಡೆಯೆಲುಬು.
"ರೊಟ್ಟಿ ಏನ?"
ಹೂಂ ಅಂದೆ.

ನವಲೂರು ದಾಟಿತು. ನಾಳೆ ವೈವಾ.
ಗ್ರೇಟರ್ ಟ್ರೊಕ್ಯಾಂಟರ್, ಲಿನಿಯಾ ಆಸ್ಪೆರಾ
ತುಟಿಯಲ್ಲೇ ಉರುಳುತ್ತಿದ್ದವು.
"ಜಪ ಮಾಡ್ತಿ? ಛಲೋ ಆತು."

ಬ್ರೇಕು ಬಿದ್ದಾಗೊಮ್ಮೆ ಆಕೆಯ ಕೈ
ಚೀಲವನ್ನು ಅವುಚಿಕೊಳ್ಳುತ್ತಿತ್ತು.
ಒಳಗಿನ ಎಲುಬಿಗೆ ನಡುವೊಂದು ಗಂಟಿದೆ,
ಮುರಿದು ಕೂಡಿದ್ದು;
ಪುಸ್ತಕದ ಚಿತ್ರದಲ್ಲಿಲ್ಲ.
ಕೂಡುವ ತನಕ ಯಾರೋ
ಹಾಸಿಗೆಯ ಬದಿಗೆ ಕೂತಿರಬೇಕು.

ಉಣಕಲ್ಲಿಗೆ ಇಳಿಯುತ್ತ ಚೀಲ ಮರಳಿಸಿದಳು:
"ಭಾಳ ಖಡಕ್ ಆಗ್ಯಾವ ತಂಗಿ,
ಸಾರಿನ್ಯಾಗ ನೆನಸಿ ತಿನ್ನು."