ಬಗ್ಗಿದವನಿಗೆ

ಗೋಡೆಯ ಕಡೆ ತಿರುಗು, ಜಾಫಾಲಿ. ಮೊಣಕಾಲು ಎದೆಗೆ ತಾಗಲಿ.
ಗದ್ದ ಒಳಕ್ಕೆ. ಇನ್ನೂ. ಇನ್ನೂ ಸ್ವಲ್ಪ ಬಗ್ಗು.
ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರಲ್ಲ,
ಹಾಗೇನಿಲ್ಲ ಅಂತ ಹೇಳಬೇಕೆಂದಿದ್ದೆ,
ಅಷ್ಟರಲ್ಲಿ ನಖುಮ್ವಾ ಮೇಡಂ ಸೂಜಿ ಇಳಿಸಿದರು.

ಒತ್ತಡ ಅಳೆಯುವ ಕೊಳವೆ ಜೊಂಬಾದ ಈ ವಾರ್ಡಿಗೆ ಬಂದಿಲ್ಲ.
ಡ್ರಿಪ್ಪಿನ ಪೈಪು, ನನ್ನ ಮಗಳ ಶಾಲೆಯ ಸ್ಕೇಲು.
ಬೆನ್ನೊಳಗಿನ ನೀರು ಏರಿತು:
ಹತ್ತು, ಹದಿನೆಂಟು, ಇಪ್ಪತ್ತೈದು,
ಮೂವತ್ತಕ್ಕೆ ಸ್ಕೇಲು ಮುಗಿಯಿತು, ನೀರು ಮುಗಿಯಲಿಲ್ಲ.
ಸ್ಕೇಲಿನ ತುದಿಗೆ ನನ್ನ ಗೇಣು ಸೇರಿಸಿದೆ.
ತಲೆನೋವು ಅಂದರೆ ಇಷ್ಟು ಎತ್ತರ.

ಎರಡು ವಾರ ಅವನು ಹೇಳಿದ್ದು ಅದೊಂದನ್ನೇ.
ಅಂಗಡಿಯವನು ಪ್ಯಾರಾಸಿಟಮಾಲ್ ಕೊಟ್ಟ.
ಮಲೇರಿಯಾ ಇರಬಹುದು ಅಂದ ಇನ್ನೊಬ್ಬ.
ಕುಡಿತ ಕಡಿಮೆ ಮಾಡು ಅಂದ ಭಾವ. ಅವನು ಕುಡಿಯುವುದೇ ಇಲ್ಲ.
ಎದುರಿನ ಮಿನಿಬಸ್ಸು ಎರಡಾಗಿ ಕಂಡ ದಿನ
ಸೈಕಲ್ ಟ್ಯಾಕ್ಸಿ ಚರಂಡಿಗೆ ಇಳಿಯಿತು.

ಲ್ಯಾಬಿನಲ್ಲಿ ಅವನದೊಂದು ಹನಿ, ಶಾಯಿಯದೊಂದು ಹನಿ.
ಇಂಡಿಯಾ ಇಂಕ್ ಅಂತ ಅದರ ಹೆಸರು. ಇಂಡಿಯಾ ನಾನು ಕಂಡಿಲ್ಲ,
ಕಂಡದ್ದು ಅದರ ಕಪ್ಪು.
ಈ ಶಾಯಿ ಬೂಷ್ಟಿಗೆ ಬಣ್ಣ ಹಚ್ಚುವುದಿಲ್ಲ,
ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಪ್ಪಾಗಿಸುತ್ತದೆ,
ಕಳ್ಳನನ್ನು ಹಿಡಿಯಲು ಊರ ದೀಪವನ್ನೆಲ್ಲ ಆರಿಸಿದ ಹಾಗೆ.
ಅಲ್ಲಿತ್ತು. ದಪ್ಪ ಅಂಗಿ ತೊಟ್ಟ ಗುಂಡು,
ಪಕ್ಕೆಗೆ ಅಂಟಿದ ಒಂದು ಮರಿ.
ಎಣಿಸಲು ಹೋದೆ. ಬಿಟ್ಟೆ.

ಪುಸ್ತಕದಲ್ಲಿ ಇದನ್ನು ಸಮಯಸಾಧಕ ಎಂದು ಬರೆದಿದ್ದಾರೆ.
ಯಾವ ಸಮಯ? ಅದರ ಕೈಯಲ್ಲಿ ಗಡಿಯಾರವಿಲ್ಲ.
ಮಾರುಕಟ್ಟೆಯ ತಗಡಿನ ಮೇಲೆ ಪಾರಿವಾಳ ಹಿಕ್ಕೆ ಹಾಕುತ್ತದೆ,
ಅದು ಒಣಗುತ್ತದೆ, ದೂಳಾಗುತ್ತದೆ,
ಟೊಮೇಟೊ ಮಾರುವವಳು ಉಸಿರಾಡುತ್ತಾಳೆ, ನಾನು ಉಸಿರಾಡುತ್ತೇನೆ,
ನಖುಮ್ವಾ ಮೇಡಂ, ಅವರ ಬೆನ್ನಿಗೆ ಕಟ್ಟಿಕೊಂಡ ಕೂಸು.
ನಮ್ಮೊಳಗೆ ಯಾರೋ ಹೊಸಿಲಲ್ಲೇ ನಿಂತು ಬೈದು ಕಳಿಸುತ್ತಾರೆ.
ಜಾಫಾಲಿಯ ಹೊಸಿಲಲ್ಲಿ ಯಾರೂ ಇರಲಿಲ್ಲ.
ತೆರೆದಿತ್ತು, ಬಂತು, ಕೂತಿತು.
ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುವುದು ಆಳುಗಳ ಮಾತು.
ಬೂಷ್ಟು ಕಲ್ಲೆತ್ತಿದ್ದನ್ನು ಯಾರೂ ಕಂಡಿಲ್ಲ.

ಮಾತ್ರೆ ಯಾಕೆ ಬಿಟ್ಟೆ ಅಂತ ನಾನು ಕೇಳಲಿಲ್ಲ. ಎನಿಫಾಳೇ ಹೇಳಿದಳು,
ಆಸ್ಪತ್ರೆಯ ಹಿಂದಿನ ಒಲೆಯಲ್ಲಿ ತಮ್ಮನಿಗೆ ನ್ಸಿಮಾ ತಿರುವುತ್ತ:
ಡಬ್ಬಿಯೊಳಗೆ ಹತ್ತಿ ತುರುಕುತ್ತಿದ್ದ,
ಸೈಕಲ್ಲು ಗುಂಡಿಗೆ ಬಿದ್ದಾಗ ಗಲಗಲ ಅನ್ನದಿರಲಿ ಅಂತ.
ಆ ಸದ್ದು ಈ ಊರಿಗೆಲ್ಲ ಗೊತ್ತು.
ಒಂದು ದಿನ ಹತ್ತಿ ಮರೆತ.
ಹಿಂದೆ ಕೂತವಳು ನಡುದಾರಿಯಲ್ಲಿ ಇಳಿದಳು,
ಹಣ ಕೊಟ್ಟಳು, ಪೂರ್ತಿ ಕೊಟ್ಟಳು, ನಡೆದು ಹೋದಳು.
ಡಬ್ಬಿ ಮೆಕ್ಕೆಜೋಳದ ಮೂಟೆಯ ಹಿಂದೆ ಸೇರಿತು.

ಆ ರಾತ್ರಿ ಇಪ್ಪತ್ತು ಎಂಎಲ್ ತೆಗೆದೆವು.
ಅವನು ಕಣ್ಣು ಬಿಟ್ಟು, ಮಳೆ ನಿಂತಿತಾ ಅಂದ.
ಮಳೆ ಬಂದೇ ಇರಲಿಲ್ಲ.

ಇವತ್ತು ಐದನೇ ದಿನ.
ಹಳದಿ ಔಷಧಿ ನರ ಸುಡುತ್ತದೆ, ಹಲ್ಲು ಕಟಕಟ ಅನ್ನಿಸುತ್ತದೆ.
ಪಕ್ಕದ ಹಾಸಿಗೆ ನಿನ್ನೆಯಿಂದ ಖಾಲಿ. ಅವನು ನೋಡಿದ್ದಾನೆ.
ಉಳಿಯುತ್ತಾನಾ ಅಂತ ಎನಿಫಾ ಕೇಳಿದರೆ
ನಾನು ಸ್ಪಿರಿಟ್ಟಿನಲ್ಲಿ ಸ್ಕೇಲು ಒರೆಸುತ್ತೇನೆ.
ಟ್ರಾಲಿಯ ಗಾಲಿ ಕಿರುಗುಟ್ಟಿದ್ದು ಕೇಳಿ
ಯಾರೂ ಹೇಳುವ ಮೊದಲೇ ಅವನು ಗೋಡೆಯ ಕಡೆ ತಿರುಗಿ
ಮೊಣಕಾಲು ಎಳೆದುಕೊಂಡು, ಗದ್ದ ಒಳಕ್ಕೆ,
ಬಗ್ಗಿ ಕಾಯುತ್ತಿದ್ದಾನೆ.

ಇವತ್ತು ಸ್ಕೇಲು ಸಾಕಾಗುತ್ತದೋ ನೋಡಬೇಕು.